ಗಡಿ ಅಳೆದವನ ಗಂಟಿನಲ್ಲಿ ಊರ ಚರಿತ್ರೆ: ಕರ್ನಲ್ ಕಾಲಿನ್ ಮೆಕೆಂಜಿ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನನ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ಕಾರವಾರದಿಂದ ಕಾಸರಗೋಡಿನವರೆಗಿನ ಕೆನರಾ ಕರಾವಳಿಯೂ ಕೊಯಮತ್ತೂರು ಸೀಮೆಯೂ ಹೊಸೂರೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ರಾಯದುರ್ಗ, ಗುತ್ತಿಗಳು ಹೈದರಾಬಾದಿನ ನಿಜಾಮನಿಗೆ ಹೋದವು. ಆದರೆ ಮರುವರ್ಷವೇ ಆತನು ಅವನ್ನು ಆದವಾನಿಯೊಡನೆ ಕಂಪನಿಗೆ ಬಿಟ್ಟುಕೊಟ್ಟನು. ನಡುವೆ ಉಳಿದ ನಾಡು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಂದಿತು. ಗಡಿನಾಡಿನ ಕನ್ನಡಿಗರಾದ ನಾವು 1956ರ ರಾಜ್ಯ ಪುನರ್ವಿಂಗಡಣೆಯನ್ನು ಮತ್ತೆ ಮತ್ತೆ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆದರೆ ನಮ್ಮಲ್ಲಿ ಹಲವು ಊರುಗಳು ಮೈಸೂರಿನ ಆಡಳಿತದಿಂದ ಬೇರೆಯಾದದ್ದು ಅದಕ್ಕೂ ನೂರೈವತ್ತು ವರ್ಷಗಳ ಹಿಂದೆ, ಆ ಬೇಸಗೆಯ ಹಂಚಿಕೆಯಲ್ಲಿ.

ಹಂಚಿಕೊಂಡವರಿಗೆ ತಾವು ಹಂಚಿಕೊಂಡದ್ದು ಏನೆಂಬುದೇ ಸರಿಯಾಗಿ ತಿಳಿದಿರಲಿಲ್ಲ. ಯಾವ ಹಳ್ಳಿ ಯಾವ ತಾಲ್ಲೂಕಿಗೆ ಸೇರಿದ್ದು, ಯಾವ ಹೊಳೆ ಎಲ್ಲಿ ತಿರುಗುತ್ತದೆ, ಯಾವ ಕೆರೆಯ ನೀರು ಯಾರ ಗದ್ದೆಗೆ ಹರಿಯುತ್ತದೆ ಎಂಬುದನ್ನು ತೋರಿಸುವ ನಂಬಲರ್ಹವಾದ ನಕ್ಷೆ ಅವರ ಕೈಯಲ್ಲಿರಲಿಲ್ಲ. ಆದ್ದರಿಂದ ಅದೇ ವರ್ಷ ಮೈಸೂರು ಸರ್ವೇಕ್ಷಣೆಗೆ ಆಜ್ಞೆಯಾಯಿತು. ಅದರ ಹೊಣೆ ಹೊತ್ತವನು ಕ್ಯಾಪ್ಟನ್ ಕಾಲಿನ್ ಮೆಕೆಂಜಿ. ಸುಮಾರು 40,000 ಚದರ ಮೈಲಿ ನೆಲವನ್ನು ಅಳೆಯಲು ಹೊರಟ ಈತನು ನೆಲದೊಡನೆ ನೆನಪನ್ನೂ ದಾಖಲಿಸಿಕೊಂಡು ಬಂದನು. ಇಂದು ದಕ್ಷಿಣ ಭಾರತದ ಯಾವುದೇ ಸೀಮೆಯ ಸ್ಥಳೀಯ ಚರಿತ್ರೆಯನ್ನು ಬರೆಯಹೊರಟವರು ಒಂದಲ್ಲ ಒಂದು ಹೊತ್ತು ಅವನ ಗಂಟನ್ನು ಬಿಚ್ಚಲೇಬೇಕು.

ಮೆಕೆಂಜಿ ಹುಟ್ಟಿದ್ದು 1754ರ ಸುಮಾರಿಗೆ, ಸ್ಕಾಟ್ಲೆಂಡಿನ ವಾಯವ್ಯಕ್ಕೆ ಸಮುದ್ರದ ನಡುವೆ ಇರುವ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಬಂದರಿನಲ್ಲಿ. ಅಲ್ಲಿಯ ಜನರ ಮನೆಮಾತು ಇಂಗ್ಲಿಷಲ್ಲ, ಗೇಲಿಕ್. ಇಂಗ್ಲಿಷಿನ ಒತ್ತಡದಲ್ಲಿ ಶಾಲೆಯಿಂದಲೂ ಕಚೇರಿಯಿಂದಲೂ ಹಿಂದೆ ಸರಿಯುತ್ತಿದ್ದ ಭಾಷೆ ಅದು. ಇಂದಿಗೂ ಅದನ್ನು ಆಡುವವರು ಅದಕ್ಕಾಗಿ ಹೋರಾಡುತ್ತಿದ್ದಾರೆ. ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿರುವ ನಮ್ಮ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆ ವ್ಯಾಪಾರಿ, ಊರಿನ ಅಂಚೆಯ ಮೇಲ್ವಿಚಾರಕ. ಮಗನು ಅದೇ ಬಂದರಿನ ಸುಂಕದ ಕಚೇರಿಯಲ್ಲಿ ಅಧಿಕಾರಿಯಾಗಿ ಮೂವತ್ತರ ಹತ್ತಿರದವರೆಗೂ ಇದ್ದನು.

ಆ ವಯಸ್ಸಿನಲ್ಲಿ ಅವನನ್ನು ಹಡಗು ಹತ್ತಿಸಿದ್ದು ಗಣಿತ. ಲಾಗರಿತಮ್ ಲೆಕ್ಕವನ್ನು ಕಂಡುಹಿಡಿದ ಜಾನ್ ನೇಪಿಯರನ ವಂಶಸ್ಥನಾದ ಪ್ರಭುವೊಬ್ಬನು ತನ್ನ ಪೂರ್ವಿಕನ ಚರಿತ್ರೆ ಬರೆಯುವ ಹಂಬಲದಲ್ಲಿದ್ದನು. ಹಿಂದೂಗಳ ಗಣಿತ ಹೇಗಿತ್ತು ಎಂಬುದನ್ನು ತಿಳಿಯಲು ಆತನು ತರುಣ ಮೆಕೆಂಜಿಯ ನೆರವು ಪಡೆದನು. ಆ ಕುತೂಹಲವೂ ಬದುಕಿನ ಅಗತ್ಯವೂ ಸೇರಿ 1783ರಲ್ಲಿ ಅವನನ್ನು ಮದರಾಸಿಗೆ ತಂದವು. ಅಷ್ಟರಲ್ಲಿ ನೇಪಿಯರ್ ಪ್ರಭು ತೀರಿಕೊಂಡಿದ್ದನು. ಆತನ ಮಗಳು ಹೆಸ್ಟರ್ ಗಂಡನೊಡನೆ ಮದುರೆಯಲ್ಲಿದ್ದಳು. ಅವಳ ಮನೆಯಲ್ಲಿಯೇ ಮೆಕೆಂಜಿಗೆ ಈ ನಾಡಿನ ವಿದ್ವಾಂಸರ ಮೊದಲ ಪರಿಚಯವಾಯಿತು. ಇಲ್ಲಿಯ ವಿದ್ಯೆಯನ್ನು ತಿಳಿಯಬೇಕಾದರೆ ಇಲ್ಲಿಯವರನ್ನೇ ಕೇಳಬೇಕೆಂಬ ಪಾಠವನ್ನು ಅವನು ಮದುರೆಯಲ್ಲಿ ಕಲಿತನು.

ಕಲಿತ ಪಾಠ ಕಾರ್ಯಕ್ಕೆ ಬರಲು ಹದಿಮೂರು ವರ್ಷ ಹಿಡಿಯಿತು. ಈ ಅವಧಿಯಲ್ಲಿ ಅವನು ಕಂಪನಿಯ ಸೈನ್ಯದ ಇಂಜಿನಿಯರ್. ಟಿಪ್ಪುವಿನ ವಿರುದ್ಧದ 1790–92ರ ಯುದ್ಧದಲ್ಲಿದ್ದನು, ನಿಜಾಮನ ರಾಜ್ಯದಲ್ಲಿ ದಾರಿಗಳನ್ನು ಅಳೆದನು, ಪಾಂಡಿಚೇರಿಯ ಮುತ್ತಿಗೆಗೆ ಹೋದನು, ಸಿಂಹಳಕ್ಕೆ ಹೋಗಿ ಬಂದನು. ಕೋಟೆ ಒಡೆಯುವವನಿಗೆ ಶಾಸನ ಓದುವ ಬಿಡುವೆಲ್ಲಿ? ಅದಕ್ಕಿಂತ ದೊಡ್ಡ ಅಡ್ಡಿ ಭಾಷೆ. ಜೀವನದ ಕೊನೆಯವರೆಗೂ ಮೆಕೆಂಜಿ ಕನ್ನಡವನ್ನಾಗಲಿ ತೆಲುಗು ತಮಿಳುಗಳನ್ನಾಗಲಿ ಓದುವಷ್ಟು ಕಲಿಯಲಿಲ್ಲ. ಅದನ್ನು ಅವನು ಮುಚ್ಚಿಡಲೂ ಇಲ್ಲ. ದಕ್ಷಿಣದ ಭಾಷೆಗಳ ಅತಿ ದೊಡ್ಡ ಹಸ್ತಪ್ರತಿ ಸಂಗ್ರಹವನ್ನು ಕಟ್ಟಿದವನಿಗೆ ಅದರ ಒಂದು ಓಲೆಯನ್ನೂ ಸ್ವತಃ ಓದಲು ಬರುತ್ತಿರಲಿಲ್ಲ ಎಂಬುದು ವಿಚಿತ್ರವಾದರೂ ನಿಜ. ಹಾಗಾದರೆ ಓದಿದವರು ಯಾರು?

1796ರಲ್ಲಿ ಅವನ ಬಳಿಗೆ ಏಲೂರಿನ ಇಪ್ಪತ್ತರ ತರುಣ ಕಾವಲಿ ವೆಂಕಟ ಬೊರ್ರಯ್ಯನು ಬಂದನು. ತೆಲುಗು ಮನೆಮಾತಿನ ನಿಯೋಗಿ ಬ್ರಾಹ್ಮಣ. ಹಲವು ಭಾಷೆಗಳನ್ನು ಬಲ್ಲವನು, ಜನರೊಡನೆ ಬೆರೆಯಬಲ್ಲವನು, ಹಳೆಯ ಲಿಪಿಗಳ ಮುಂದೆ ತಾಳ್ಮೆಯಿಂದ ಕೂರಬಲ್ಲವನು. ತನ್ನ ಸಂಗ್ರಹಕಾರ್ಯ ನಿಜವಾಗಿ ಆರಂಭವಾದದ್ದು ಬೊರ್ರಯ್ಯನ ಭೇಟಿಯಿಂದಲೇ ಎಂದು ಮೆಕೆಂಜಿ ಮುಂದೆ ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾನೆ. ಬೊರ್ರಯ್ಯನ ತಮ್ಮಂದಿರಾದ ಲಕ್ಷ್ಮಯ್ಯ, ರಾಮಸ್ವಾಮಿ ಸಹ ಈ ಕಾರ್ಯಕ್ಕೆ ಬಂದರು. ಹಳಗನ್ನಡದ ಶಾಸನಗಳನ್ನೂ ಜೈನಗ್ರಂಥಗಳನ್ನೂ ಬಿಡಿಸಿ ಹೇಳಲು ಮೈಸೂರು ಸೀಮೆಯ ಜೈನ ಪಂಡಿತ ಧರ್ಮಯ್ಯನು ಸೇರಿದನು. ತಮಿಳು, ಮರಾಠಿ, ಸಂಸ್ಕೃತ ಬಲ್ಲ ಇನ್ನೂ ಹಲವರು ಕಾಲಕಾಲಕ್ಕೆ ಕೂಡಿಕೊಂಡರು. ಮೆಕೆಂಜಿ ಸಂಗ್ರಹವೆಂದು ನಾವು ಕರೆಯುವುದು ವಾಸ್ತವದಲ್ಲಿ ಇವರೆಲ್ಲರ ನಡಿಗೆಯ ಫಲ.

ಮೈಸೂರಿನ ಅಳತೆ ಸುಖದ ಕೆಲಸವಾಗಿರಲಿಲ್ಲ. ಮಲೆನಾಡಿನ ಜ್ವರ ಒಬ್ಬೊಬ್ಬರನ್ನೇ ಹಾಸಿಗೆಗೆ ಕೆಡವಿತು; ಮೆಕೆಂಜಿಯೂ ಅದರಿಂದ ಪಾರಾಗಲಿಲ್ಲ. ಆಜ್ಞೆ ಕೊಟ್ಟ ಸರಕಾರವೇ ಬೇಗನೆ ಖರ್ಚಿಗೆ ಕತ್ತರಿ ಹಾಕಿತು. ಮದರಾಸಿನ ಸರ್ವೇ ಶಾಲೆಯಲ್ಲಿ ಕಲಿತ ಹುಡುಗರು ಬೆಟ್ಟದ ತುದಿಯಲ್ಲಿ ಕಂಬ ನೆಟ್ಟು, ಅದರ ನೆತ್ತಿಗೆ ಬುಟ್ಟಿ ಕಟ್ಟಿ, ದೂರದಿಂದ ಅದನ್ನು ದುರ್ಬೀನಿನಲ್ಲಿ ಗುರಿಹಿಡಿದು ತ್ರಿಕೋನಗಳನ್ನು ಹೆಣೆಯುತ್ತ ಸಾಗಿದರು. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ತನ್ನ ಪ್ರಸಿದ್ಧ ತ್ರಿಕೋನಮಾಪನದ ಮೊದಲ ಪ್ರಯತ್ನದಲ್ಲಿದ್ದನು; ಫ್ರಾನ್ಸಿಸ್ ಬುಕಾನನ್ ಬೆಳೆ ಬೇಸಾಯಗಳನ್ನು ಬರೆದುಕೊಳ್ಳುತ್ತ ಮಲಬಾರಿನತ್ತ ಪ್ರಯಾಣ ಮಾಡುತ್ತಿದ್ದನು. ಒಂದು ನಾಡನ್ನು ಗೆದ್ದ ಮೇಲೆ ಅದನ್ನು ತಿಳಿಯುವ ಆತುರ ಎಷ್ಟಿತ್ತೆಂಬುದಕ್ಕೆ ಈ ಮೂವರೇ ಸಾಕ್ಷಿ. ತಿಳಿಯುವುದು ಕಂದಾಯ ಕಟ್ಟಲು, ಸೈನ್ಯ ನಡೆಸಲು ಬೇಕಾಗಿತ್ತು. ಮೆಕೆಂಜಿಯ ವಿದ್ಯಾಪ್ರೇಮವನ್ನು ಮೆಚ್ಚುವಾಗ ಅವನ ಸಂಬಳ ಎಲ್ಲಿಂದ ಬರುತ್ತಿತ್ತೆಂಬುದನ್ನು ನಾವು ಮರೆಯಲಾರೆವು.

ಆದರೆ ಅವನ ಆಸಕ್ತಿ ಆಜ್ಞೆಯನ್ನು ಮೀರಿ ಹರಿಯಿತು. ನಕ್ಷೆಯ ತಂಡದ ಜೊತೆಯಲ್ಲಿಯೇ ಬೊರ್ರಯ್ಯನ ತಂಡವೂ ಹೊರಡುತ್ತಿತ್ತು. ಊರಿನ ಶಾನುಭೋಗರು, ದೇವಾಲಯದ ಅರ್ಚಕರು, ಮಠದ ಅಯ್ಯಗಳು, ಬಸದಿಯ ಪಂಡಿತರು, ಅಧಿಕಾರ ಕಳೆದುಕೊಂಡ ಪಾಳೆಯಗಾರರು, ಮನೆತನದ ಹಿರಿಯರು ಇವರನ್ನೆಲ್ಲ ಕಂಡು ಕೇಳುತ್ತಿದ್ದರು: ಈ ಊರಿಗೆ ಈ ಹೆಸರು ಏಕೆ ಬಂತು, ಕೋಟೆ ಕಟ್ಟಿಸಿದವರಾರು, ಕೆರೆ ಯಾವ ಅರಸನ ಕಾಲದ್ದು, ಈ ಕುಲದವರು ಎಲ್ಲಿಂದ ಬಂದರು, ಈ ಜಾತ್ರೆಯ ಮೂಲವೇನು. ದೊರೆತ ಉತ್ತರವನ್ನು ಆಯಾ ಭಾಷೆಯಲ್ಲಿಯೇ ಕಾಗದಕ್ಕೆ ಇಳಿಸುತ್ತಿದ್ದರು. ಇವೇ ಕೈಫಿಯತ್ತುಗಳು. ಪದ ಅರಬ್ಬಿಯಿಂದ ಬಂದದ್ದು. ವಿವರ, ವೃತ್ತಾಂತ ಎಂದು ಅರ್ಥ.

ಉತ್ತರ ಹೇಳುವವರ ಬಳಿಯೂ ಹಳೆಯ ಬರಹಗಳಿದ್ದವು. ಇಂದು ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಅಂದಿನ ಕಡತ ಬಟ್ಟೆಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಕರಿಯ ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಜೋಪಾನವಾಗಿಟ್ಟರೆ ತಲೆಮಾರುಗಳವರೆಗೆ ಉಳಿಯುತ್ತಿತ್ತು. ಶಾನುಭೋಗರ ಮನೆಗಳಲ್ಲಿದ್ದ ಇಂಥ ಕಡತಗಳಿಂದ ಮೆಕೆಂಜಿಯ ಜನರು ವಂಶಾವಳಿಗಳನ್ನೂ ದಾನದ ಲೆಕ್ಕಗಳನ್ನೂ ನಕಲು ಮಾಡಿಕೊಂಡರು. ಆನೆಗೊಂದಿಯ ಅರಸುಮನೆತನದಿಂದ ವಿಜಯನಗರದ ಚರಿತ್ರೆಯನ್ನು ಕೇಳಿ ಬರೆದುಕೊಂಡರು. ಹಂಪಿಯ ಹಾಳುಗಳ ಮೊದಲ ನಕ್ಷೆಯೂ ಕೆಲವು ಜಲವರ್ಣ ಚಿತ್ರಗಳೂ 1800ರ ಸುಮಾರಿಗೆ ಇದೇ ತಂಡದಿಂದ ಹೊರಬಂದವು.

ಜನರು ಸುಲಭವಾಗಿ ಬಾಯಿ ಬಿಟ್ಟರೆಂದಲ್ಲ. ಹೊಸ ದೊರೆಗಳ ಕಡೆಯವರು ಹೊಲದ ವಿಷಯ ಕೇಳಿದರೆ ತೆರಿಗೆ ಏರುತ್ತದೆ ಎಂಬ ಭಯ ಅವರಿಗಿತ್ತು, ಅದು ಆಧಾರವಿಲ್ಲದ ಭಯವೂ ಅಲ್ಲ. ಇನ್ನು ಕೆಲವರು ಬೇಕೆಂದೇ ಹೆಚ್ಚು ಹೇಳಿದರು. ಸೀಮೆ ಕಳೆದುಕೊಂಡ ಪಾಳೆಯಗಾರನು ತನ್ನ ಮನೆತನದ ಪ್ರಾಚೀನತೆಯನ್ನು ವಿಸ್ತರಿಸಿ ಬರೆಸಿದರೆ ಕಂಪನಿ ಸರಕಾರ ತನ್ನ ಉಂಬಳಿಯನ್ನು ಹಿಂದಿರುಗಿಸೀತೆಂದು ಆಸೆಪಟ್ಟನು. ಹೀಗಾಗಿ ಕೈಫಿಯತ್ತುಗಳಲ್ಲಿ ಚರಿತ್ರೆ ಇದೆ, ಪುರಾಣ ಇದೆ, ಅಹವಾಲೂ ಇದೆ. ಒಂದೇ ಪುಟದಲ್ಲಿ ಮೂರೂ ಬೆರೆತಿರುವುದುಂಟು. ಅವನ್ನು ಸುಳ್ಳೆಂದು ತಳ್ಳಿಹಾಕುವುದು ಎಷ್ಟು ತಪ್ಪೋ ಅಕ್ಷರಶಃ ನಂಬಿ ಊರಿನ ನಾಮಫಲಕಕ್ಕೆ ಏರಿಸುವುದೂ ಅಷ್ಟೇ ತಪ್ಪು. ನಮ್ಮ ಅಭಿಪ್ರಾಯದಲ್ಲಿ ಅವುಗಳ ದೊಡ್ಡ ಬೆಲೆ ಬೇರೆಡೆ ಇದೆ: ಇನ್ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ತಮ್ಮ ಊರಿನ ಬಗ್ಗೆ ಏನನ್ನು ನಂಬಿದ್ದರು, ಯಾವ ಕನ್ನಡದಲ್ಲಿ ಅದನ್ನು ಹೇಳಿದರು ಎಂಬುದಕ್ಕೆ ಅಷ್ಟು ವಿಪುಲವಾದ ಸಾಕ್ಷ್ಯ ಬೇರೆ ಇಲ್ಲ.

ತಾಳವಾಡಿಯ ಓದುಗರಿಗೆ ನೆರೆಯ ಚಾಮರಾಜನಗರ ಸೀಮೆಯ ಕನಕಗಿರಿ ಗೊತ್ತಿರುತ್ತದೆ. ಮಲೆಯೂರು ಬೆಟ್ಟದ ಜೈನಕ್ಷೇತ್ರ ಅದು. 1804ರಲ್ಲಿ ಮೆಕೆಂಜಿಯ ಬಿಡಾರ ಅಲ್ಲಿಗೆ ಬಂದಾಗ ಊರಿನ ಜೈನ ಪಂಡಿತ ದೇವಚಂದ್ರನು ಅವನನ್ನು ಕಂಡನು. ಸ್ಥಳದ ಕಥೆಗಳನ್ನು ಹೇಳಿದನು, ಸ್ವಲ್ಪ ಕಾಲ ತಂಡದ ಜೊತೆಗೂ ಇದ್ದನು. ಬರೆದುಕೊಡಬೇಕೆಂಬ ಕೋರಿಕೆ ಆಗ ಹುಟ್ಟಿತು. ಆ ಬರಹ ಪೂರ್ಣರೂಪ ಪಡೆದು ಹೊರಬಂದದ್ದು ಹಲವು ದಶಕಗಳ ನಂತರ, ಮೈಸೂರು ಅರಮನೆಯ ದೇವಿರಮ್ಮಣ್ಣಿಯವರಿಗಾಗಿ. ಅಷ್ಟರಲ್ಲಿ ಕೇಳಿದವನು ತೀರಿಹೋಗಿದ್ದನು. ಅದೇ ರಾಜಾವಳೀಕಥೆ, ಕನ್ನಡ ಗದ್ಯದಲ್ಲಿ ತನ್ನದೇ ಸ್ಥಾನ ಪಡೆದ ಕೃತಿ. ಪರದೇಶಿಯ ಪ್ರಶ್ನೆಯೊಂದು ಕನ್ನಡದ ಪಂಡಿತನೊಬ್ಬನಿಗೆ ತನ್ನ ಪರಂಪರೆಯನ್ನು ತಾನೇ ಒಟ್ಟುಗೂಡಿಸಿ ನೋಡಲು ನೆಪವಾಯಿತು. ಉಳಿದದ್ದೆಲ್ಲ ದೇವಚಂದ್ರನದೇ ವಿದ್ವತ್ತು.

ಬೊರ್ರಯ್ಯನು ಇದನ್ನೆಲ್ಲ ನೋಡಲು ಇರಲಿಲ್ಲ. 1803ರಲ್ಲಿ, ಮೂವತ್ತನ್ನೂ ಮುಟ್ಟದ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಮೆಕೆಂಜಿ ಅವನ ನೆನಪಿಗೆ ಸ್ಮಾರಕ ಕಟ್ಟಿಸಿದನು. ಜೈನರ ಬಗ್ಗೆ ಬೊರ್ರಯ್ಯನು ಕೇಳಿ ಬರೆದು ಅನುವಾದಿಸಿದ ವಿವರ ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಅವನ ಹೆಸರಿನೊಡನೆಯೇ ಪ್ರಕಟವಾಗಿದೆ. ಆ ಕಾಲದಲ್ಲಿ ಇಂಥ ಮನ್ನಣೆ ಅಪರೂಪ. ಅಣ್ಣನ ಸ್ಥಾನಕ್ಕೆ ಬಂದ ಲಕ್ಷ್ಮಯ್ಯನು ಮುಂದಿನ ಹದಿನೆಂಟು ವರ್ಷ ಈ ಕಾರ್ಯದ ಬೆನ್ನೆಲುಬಾದನು. ತಿರುಗಾಟಕ್ಕೆ ಹೊರಟ ಸಂಗ್ರಾಹಕರು ದಿನಚರಿಯನ್ನೂ ವರದಿಗಳನ್ನೂ ಕಳುಹಿಸುವರು. ಅವನ್ನು ಒಪ್ಪಮಾಡಿ, ಇಂಗ್ಲಿಷಿಗೆ ತರಿಸಿ, ಮುಂದಿನ ದಾರಿಯನ್ನು ಸೂಚಿಸುವ ಹೊಣೆ ಅವನದು.

ಮೈಸೂರು ಸರ್ವೇಕ್ಷಣೆಯ ಬರಹಗಳು ಏಳು ದೊಡ್ಡ ಸಂಪುಟಗಳಾದವು. ಅದರ ಬಳಿಕ ಬಳ್ಳಾರಿ, ಕಡಪ, ಆದವಾನಿ, ರಾಯದುರ್ಗಗಳನ್ನೊಳಗೊಂಡ ದತ್ತ ಮಂಡಲಗಳ ಅಳತೆ ಅವನ ಮೇಲ್ವಿಚಾರಣೆಯಲ್ಲಿ ನಡೆಯಿತು. 1810ರಲ್ಲಿ ಮದರಾಸು ಪ್ರಾಂತ್ಯದ ಸರ್ವೇಯರ್ ಜನರಲ್ ಆದನು. ಮರುವರ್ಷ ಡಚ್ಚರಿಂದ ಜಾವಾ ದ್ವೀಪವನ್ನು ಕಸಿದುಕೊಳ್ಳಲು ಹೋದ ದಂಡಿನೊಡನೆ ಹೊರಟು ಎರಡು ವರ್ಷ ಅಲ್ಲಿದ್ದನು. ಪ್ರಂಬಾನನಿನ ಹಾಳು ದೇವಾಲಯಗಳನ್ನು ನೋಡಿದನು, ಡಚ್ ಕಾಗದಗಳನ್ನು ಕೂಡಿಹಾಕಿದನು, ಮದುವೆಯನ್ನೂ ಮಾಡಿಕೊಂಡನು. ವಧು ಪೆಟ್ರೊನೆಲಾ ಬಾರ್ಟೆಲ್ಸ್. ವರನಿಗೆ ಆಗ ಅರವತ್ತು ಸಮೀಪಿಸಿತ್ತು. 1815ರಲ್ಲಿ ಅವನನ್ನು ಇಡೀ ಭಾರತದ ಸರ್ವೇಯರ್ ಜನರಲ್ ಆಗಿ ನೇಮಿಸಿದರು. ಆ ಹುದ್ದೆಗೆ ಅವನೇ ಮೊದಲಿಗ.

ಅಮರಾವತಿಯ ಸಂಗತಿ ಇಲ್ಲಿ ಹೇಳಲೇಬೇಕಾದದ್ದು. ಕೃಷ್ಣಾ ತೀರದ ಆ ಮಹಾ ಬೌದ್ಧಸ್ತೂಪವನ್ನು ಮೆಕೆಂಜಿ ಮೊದಲು ಕಂಡದ್ದು 1798ರ ಸುಮಾರಿಗೆ. ಕಟ್ಟಡಕ್ಕೆ ಕಲ್ಲು ಬೇಕೆಂದು ಸ್ಥಳೀಯ ಜಮೀನ್ದಾರನ ಆಳುಗಳು ಅದನ್ನು ಅಗೆಯುತ್ತಿದ್ದ ಸಮಯವದು. 1816ರಲ್ಲಿ ತಂಡದೊಡನೆ ಮರಳಿ ಬಂದಾಗ ಬಹುಭಾಗ ಕಾಣೆಯಾಗಿತ್ತು. ಉಳಿದ ಶಿಲ್ಪಗಳ ಚಿತ್ರಗಳನ್ನು ಎಚ್ಚರದಿಂದ ಬರೆಸಿದನು. ಆ ಚಿತ್ರಗಳಲ್ಲಿರುವ ಎಷ್ಟೋ ಕಲ್ಲುಗಳು ಈಗ ಇಲ್ಲ. ಕೆಲವು ಕಲ್ಲುಗಳನ್ನು ಅವನೇ ಅಲ್ಲಿಂದ ಸಾಗಿಸಿದನೆಂಬುದೂ ನಿಜ. ಅವನ ನಂತರ ಬಂದವರು ಇನ್ನೂ ಹೆಚ್ಚು ಸಾಗಿಸಿದರು. ಇಂದು ಅಮರಾವತಿಯ ಶಿಲ್ಪಗಳನ್ನು ನೋಡಲು ಚೆನ್ನೈಗೂ ಲಂಡನ್ನಿಗೂ ಹೋಗಬೇಕು.

1816ರಲ್ಲಿ ಥಾಮಸ್ ಹಿಕಿ ಎಂಬ ಕಲಾವಿದನು ಬರೆದ ಮೆಕೆಂಜಿಯ ವರ್ಣಚಿತ್ರ ಪ್ರಸಿದ್ಧವಾಗಿದೆ. ನಡುವೆ ಕೆಂಪು ಸಮವಸ್ತ್ರದ ಎತ್ತರದ ಮುದುಕ. ಸುತ್ತ ಮೂವರು ದೇಶೀಯರು: ತಾಳೆಗರಿ ಹಿಡಿದ ಧರ್ಮಯ್ಯ, ಕಾವಲಿ ಲಕ್ಷ್ಮಯ್ಯ, ದುರ್ಬೀನು ಹಿಡಿದ ಜವಾನ ಕಿಷ್ಟನಾಜಿ. ಹಿನ್ನೆಲೆಯಲ್ಲಿ ಬೆಟ್ಟದ ಮೇಲೆ ಗೊಮ್ಮಟನ ವಿಗ್ರಹ, ಸರ್ವೆಯ ಕಂಬ. ಸಾಮಾನ್ಯವಾಗಿ ಇಂಥ ಚಿತ್ರಗಳಲ್ಲಿ ಸೇವಕರು ಅಲಂಕಾರಕ್ಕೆ ನಿಂತಿರುತ್ತಾರೆ. ಇಲ್ಲಿ ಹಾಗೆ ತೋರುವುದಿಲ್ಲ. ಆ ಮೂವರ ಕೈಯಲ್ಲಿ ಕೆಲಸವಿದೆ.

1817ರಲ್ಲಿ ಹುದ್ದೆಯ ಕಾರಣ ಕಲಕತ್ತೆಗೆ ಹೋಗಬೇಕಾಯಿತು. ಲಕ್ಷ್ಮಯ್ಯನೂ ಕೆಲವು ಪಂಡಿತರೂ ಮನೆಮಠ ಬಿಟ್ಟು ಜೊತೆಗೆ ನಡೆದರು. ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಕ್ರಮಪಡಿಸಿ ಗ್ರಂಥವಾಗಿ ಬರೆಯಬೇಕೆಂದಿದ್ದ ಮೆಕೆಂಜಿಗೆ ಆರೋಗ್ಯ ಕೈಕೊಟ್ಟಿತು. ಪುರಿಯ ಕಡಲಗಾಳಿ ಹಿತವಾದೀತೆಂದು ದೋಣಿಯಲ್ಲಿ ಹೊರಟವನು 1821ರ ಮೇ 8ರಂದು ಹೂಗ್ಲಿ ನದಿಯ ಮೇಲೆಯೇ ಪ್ರಾಣಬಿಟ್ಟನು. ಮೂವತ್ತೆಂಟು ವರ್ಷಗಳ ಹಿಂದೆ ಬಿಟ್ಟು ಬಂದ ದ್ವೀಪಕ್ಕೆ ಅವನು ಮರಳಲೇ ಇಲ್ಲ.

ಅವನ ವಿಧವೆಯಿಂದ ಸರಕಾರ ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 1,568 ಗ್ರಂಥಗಳು, 2,070 ಸ್ಥಳವೃತ್ತಾಂತಗಳು, 8,076 ಶಾಸನಗಳ ನಕಲುಗಳು, 2,159 ಅನುವಾದಗಳು, 2,630 ಚಿತ್ರಗಳು, 6,218 ನಾಣ್ಯಗಳು ಲೆಕ್ಕಕ್ಕೆ ಸಿಕ್ಕಿವೆ. ಪಟ್ಟಿಯಾದ ಮೇಲೆ ಗಂಟು ಹಂಚಿಹೋಯಿತು. ಚಿತ್ರ, ನಾಣ್ಯ, ಅನುವಾದಗಳಲ್ಲಿ ಬಹಳಷ್ಟು ಲಂಡನ್ನಿಗೆ ಸಾಗಿದವು. ದಕ್ಷಿಣದ ಭಾಷೆಗಳ ಬರಹಗಳು ಮದರಾಸಿಗೆ ಮರಳಿದವು.

ಆಗ ಲಕ್ಷ್ಮಯ್ಯನು ಮುಂದೆ ಬಂದನು. ನಿಂತುಹೋದ ಕಾರ್ಯವನ್ನು ತಾನು ಮುಂದುವರಿಸುವೆನು, ಬೇಕಾದ ಜನರೂ ದಾರಿಯೂ ತನಗೆ ಗೊತ್ತಿದೆ ಎಂದು ಸರಕಾರಕ್ಕೆ ಅರಿಕೆ ಮಾಡಿಕೊಂಡನು. ಅರಿಕೆ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಅಭಿಪ್ರಾಯಕ್ಕೆ ಹೋಯಿತು. ಸಂಗ್ರಹಿಸುವುದಕ್ಕೆ ದೇಶೀಯನು ಸಾಕು, ವಿಮರ್ಶಿಸಿ ಸಾರ ತೆಗೆಯುವ ಯೋಗ್ಯತೆ ದೇಶೀಯನಿಗೆ ಇರಲಾರದು ಎಂಬ ತರ್ಕದ ಮೇಲೆ 1830ರ ದಶಕದಲ್ಲಿ ಅದನ್ನು ತಳ್ಳಿಹಾಕಿದರು. ಹಸ್ತಪ್ರತಿಗಳ ಪರಿಶೀಲನೆ ಪಾದ್ರಿ ವಿಲಿಯಂ ಟೇಲರನಿಗೆ ವಹಿಸಲ್ಪಟ್ಟಿತು. ಭಾಷೆ ಬಾರದ ಮೆಕೆಂಜಿ ಈ ಜನರನ್ನು ನಂಬಿ ನಡೆದಿದ್ದನು. ವಿದ್ವತ್ಸಭೆಗೆ ಅಷ್ಟು ನಂಬಿಕೆ ಸಾಧ್ಯವಾಗಲಿಲ್ಲ. ಮೆಕೆಂಜಿಯ ಚರಿತ್ರೆಯಲ್ಲಿ ನಮಗೆ ಅತ್ಯಂತ ನೋವಿನದೆನಿಸುವ ಪುಟ ಇದೇ. ತಮ್ಮನಾದ ರಾಮಸ್ವಾಮಿಯು ಮಾತ್ರ ಯಾರ ಅಪ್ಪಣೆಗೂ ಕಾಯದೆ ದಕ್ಷಿಣದ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1829ರಲ್ಲಿಯೇ ಅಚ್ಚು ಹಾಕಿಸಿದ್ದನು.

ಕೈಫಿಯತ್ತುಗಳ ಮೂಲ ಪ್ರತಿಗಳು ಇಂದು ಚೆನ್ನೈಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವನ್ನು ದೊಡ್ಡ ಸಂಪುಟವಾಗಿ ಪ್ರಕಟಿಸಿದೆ. ಕಡಪ ಸೀಮೆಯವು ತೆಲುಗಿನಲ್ಲಿ ಅಲ್ಲಿಯ ಬ್ರೌನ್ ಗ್ರಂಥಾಲಯದಿಂದ ಬಂದಿವೆ. ಬರೆದುಕೊಂಡವರು ಇಂದಿನ ರಾಜ್ಯಗಳ ಎಲ್ಲೆ ನೋಡಿ ಬರೆದವರಲ್ಲ. ಹೇಳುವವನ ಭಾಷೆ ಯಾವುದೋ ಅದರಲ್ಲಿ, ಕೆಲವೊಮ್ಮೆ ಬರೆಯುವವನ ಭಾಷೆಯಲ್ಲಿ ಬರೆದರು. ಆದ್ದರಿಂದ ಆಂಧ್ರದ ಅಂಚಿನ ಕನ್ನಡ ಊರಿನ ವೃತ್ತಾಂತ ತೆಲುಗಿನಲ್ಲಿ ಸಿಗಬಹುದು, ಕನ್ನಡ ಸಂಪುಟದಲ್ಲಿ ನೆರೆಸೀಮೆಯ ಊರಿನ ಪ್ರಸ್ತಾಪ ಬರಬಹುದು. ಶಾಲೆಯಲ್ಲಿ ಕನ್ನಡವನ್ನೂ ರಾಜ್ಯಭಾಷೆಯನ್ನೂ ಕಲಿಯುವ ನಮ್ಮ ಮಕ್ಕಳು ಎರಡನ್ನೂ ಓದಬಲ್ಲರು. ಹುಡುಕುವಾಗ ಊರಿನ ಈಗಿನ ಹೆಸರಿನೊಡನೆ ಹಿರಿಯರ ಬಾಯಲ್ಲಿರುವ ಹಳೆಯ ಹೆಸರನ್ನೂ, ಹತ್ತಿರದ ದುರ್ಗ ಅಥವಾ ಕಸಬೆಯ ಹೆಸರನ್ನೂ ನೋಡಬೇಕು. ಚಿಕ್ಕ ಹಳ್ಳಿಯ ಸುದ್ದಿ ಸಾಮಾನ್ಯವಾಗಿ ದೊಡ್ಡ ಊರಿನ ಕೈಫಿಯತ್ತಿನೊಳಗೆ ಸೇರಿಕೊಂಡಿರುತ್ತದೆ.